ಮೈಲಿಯಲ್ಲ, ನಿಮಿಷ ಲೆಕ್ಕ ಹಾಕಿ

ನಿಯಂತ್ರಣ ಟವರ್ ಇಲ್ಲದ ವಿಮಾನ ನಿಲ್ದಾಣದಲ್ಲಿ ಇಳಿಯಲು ಸುತ್ತು ಹಾಕುತ್ತಾ ನೀವು ಡೌನ್‌ವಿಂಡ್‌ನಲ್ಲಿರುವಾಗ (ರನ್‌ವೇ ಪಕ್ಕದಲ್ಲಿ, ಇಳಿಯುವ ದಿಕ್ಕಿಗೆ ಎದುರಾಗಿ ಹಾರುವ ಹಂತ) ಇನ್ನೊಬ್ಬ ಪೈಲಟ್ ‘ಹತ್ತು ಮೈಲಿ ದೂರದಿಂದ ನೇರವಾಗಿ ಇಳಿಯಲು ಬರುತ್ತಿದ್ದೇನೆ’ ಎಂದರೆ ಬೇಸ್‌ಗೆ (ರನ್‌ವೇಯ ನೇರಕ್ಕೆ ಬರಲು ಅಡ್ಡಲಾಗಿ ಹಾರುವ ಹಂತ) ತಿರುಗಬಹುದೇ ಎಂದು ಕೇಳಿದ್ದೀರಿ.

ಮೊದಲು ಅವರು ಯಾವ ವಿಮಾನದಲ್ಲಿ, ಎಷ್ಟು ವೇಗದಲ್ಲಿ ಬರುತ್ತಿದ್ದಾರೆ ಎಂದು ರೇಡಿಯೊದಲ್ಲೇ ಕೇಳಿ. 180 ನಾಟ್ (ಗಂಟೆಗೆ 180 ನಾಟಿಕಲ್ ಮೈಲಿ) ವೇಗದ ಅವಳಿ ಎಂಜಿನ್ ವಿಮಾನಕ್ಕೆ ಹತ್ತು ಮೈಲಿ ಎಂದರೆ ಮೂರು ನಿಮಿಷ ಚಿಲ್ಲರೆ, ಅಷ್ಟೇ. 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ನಡೆದದ್ದು ಇಂಥದ್ದೇ. ಸುತ್ತು ಹಾಕುತ್ತಿದ್ದ ಸೆಸ್ನಾ 152ಕ್ಕೆ, ನೇರವಾಗಿ ಬಂದ ಸೆಸ್ನಾ 340 ಹಿಂದಿನಿಂದ ಬಂದು ಬಡಿಯಿತು, ಮೂವರು ಸತ್ತರು. ಎರಡೂ ವಿಮಾನಗಳ ಪೈಲಟ್‌ಗಳು ರೇಡಿಯೊದಲ್ಲಿ ಮಾತನಾಡುತ್ತಲೇ ಇದ್ದರು ಎಂಬುದನ್ನು ಗಮನಿಸಿ.

ಆದ್ದರಿಂದ ಆ ವಿಮಾನ ಕಣ್ಣಿಗೆ ಬೀಳುವವರೆಗೆ ಬೇಸ್‌ಗೆ ತಿರುಗಬೇಡಿ. ಡೌನ್‌ವಿಂಡ್ ಅನ್ನೇ ಮುಂದುವರಿಸಿ, ಹಾಗೆಂದು ರೇಡಿಯೊದಲ್ಲಿ ಹೇಳಿ, ಅದು ನಿಮ್ಮನ್ನು ದಾಟಿದ ಮೇಲೆ ತಿರುಗಿ. ಸುತ್ತಿನಲ್ಲಿರುವವರನ್ನು ಕಾಯಿಸಿ ನೇರ ನುಗ್ಗುವುದು ಒರಟುತನವೇ ಸರಿ. ಆದರೆ ಆ ಜಗಳ ಇಳಿದ ಮೇಲೆ ಆಡಬಹುದು.

ಇನ್ನೊಂದು ಮಾತು. ಮೇಲುರೆಕ್ಕೆಯ ಸೆಸ್ನಾ ತಿರುಗುವಾಗ ಒಳಬದಿಯ ರೆಕ್ಕೆ ಇಳಿದು, ನೀವು ನೋಡಬೇಕಾದ ದಿಕ್ಕನ್ನೇ ಮುಚ್ಚುತ್ತದೆ. ತಿರುಗುವ ಮುನ್ನ ಆ ರೆಕ್ಕೆಯನ್ನು ಕೊಂಚ ಎತ್ತಿ ಫೈನಲ್‌ನ (ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಾದಿ) ಉದ್ದಕ್ಕೂ ಕಣ್ಣಾಡಿಸಿ. ಸುತ್ತಲಿನ ವಿಮಾನಗಳು ತಾವೇ ಕಳಿಸುವ ಸಂಕೇತದಿಂದ ಅವುಗಳ ಸ್ಥಾನ ತೋರಿಸುವ ಎಡಿಎಸ್‌-ಬಿ ಪರದೆ ಖಾಲಿಯಿದೆ ಎಂದು ನಂಬಿ ಕೂರಬೇಡಿ. ಅಮೆರಿಕದ ಇಂಥ ಹಲವು ನಿಲ್ದಾಣಗಳಿಗೆ ರೇಡಿಯೊ ಕೂಡ ಇಲ್ಲದ ಹಳೆಯ ವಿಮಾನಗಳು ಕಾನೂನುಬದ್ಧವಾಗಿಯೇ ಬರುತ್ತವೆ.