ದೊಡ್ಡ ಕರುಳಿನಲ್ಲಿ ಪಾಲಿಪ್ ಸಿಕ್ಕರೆ ಕ್ಯಾನ್ಸರ್ ಅಂತಲೇನಾ?

ವಿಜಯಪುರದಲ್ಲಿ ಅಪ್ಪಾಜಿಗೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿದಾಗ 8 ಮಿ.ಮೀ. ಪಾಲಿಪ್ ತೆಗೆದರು, ರಿಪೋರ್ಟ್‌ನಲ್ಲಿ ‘ಟ್ಯುಬುಲರ್ ಅಡಿನೋಮಾ, ಲೋ ಗ್ರೇಡ್’ ಅಂತಿದೆ, ಇದು ಕ್ಯಾನ್ಸರಾ ಅಂತ ಕೇಳಿದ್ದೀರಿ. ಅಲ್ಲ. ಆದರೆ ಹಾಗೇ ಬಿಟ್ಟಿದ್ದರೆ ಮುಂದೆ ಆಗಬಹುದಾದ ಜಾತಿಯದು.

ಪಾಲಿಪ್ ಅಂದರೆ ಕರುಳಿನ ಒಳಪದರದಲ್ಲಿ ಎದ್ದ ಗಂಟು. ಹೈಪರ್‌ಪ್ಲಾಸ್ಟಿಕ್ ಪಾಲಿಪ್ ಸಾಮಾನ್ಯವಾಗಿ ಜೋಳದ ಕಾಳಿನಷ್ಟು ಇರುತ್ತದೆ, ಕರುಳಿನ ಕೊನೆಯ ಭಾಗದಲ್ಲಿ. ಅದಕ್ಕೆ ಹೆದರಬೇಕಿಲ್ಲ. ಉರಿಯೂತದಿಂದ ಬರುವ ಪಾಲಿಪ್‌ಗಿಂತ ಅದರ ಹಿಂದಿರುವ ಅಲ್ಸರೇಟಿವ್ ಕೊಲೈಟಿಸ್‌ನಂಥ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ) ಕಾಯಿಲೆ ಮೇಲೆ ಕಣ್ಣಿಡಬೇಕು.

ನಿಜವಾಗಿ ಗಮನ ಬೇಕಾದದ್ದು ಅಪ್ಪಾಜಿಗೆ ಸಿಕ್ಕಂಥ ಅಡಿನೋಮಾಕ್ಕೆ, ಅಂದರೆ ಒಳಪದರದ ಗ್ರಂಥಿ ಕೋಶಗಳು ಬೆಳೆದು ಆದ ಗಂಟಿಗೆ. ಹೆಚ್ಚಿನ ಕರುಳಿನ ಕ್ಯಾನ್ಸರ್ ಶುರುವಾಗುವುದು ಇಲ್ಲಿಂದಲೇ, ಅದೂ ಸಾಮಾನ್ಯವಾಗಿ ಸುಮಾರು 10 ವರ್ಷ ತೆಗೆದುಕೊಂಡು. ಎಲ್ಲ ಅಡಿನೋಮಾನೂ ಹಾಗಾಗಲ್ಲ. ಗಾತ್ರ 10 ಮಿ.ಮೀ. ಮುಟ್ಟಿದ್ದರೆ, ‘ವಿಲ್ಲಸ್’ (ಬೆರಳಿನಂಥ ಎಳೆಗಳಿರುವ ರಚನೆ) ಅಥವಾ ‘ಹೈ ಗ್ರೇಡ್ ಡಿಸ್‌ಪ್ಲೇಸಿಯಾ’ (ಕೋಶಗಳು ತುಂಬಾ ಬದಲಾಗಿರುವುದು) ಅಂತ ಬರೆದಿದ್ದರೆ ಅಪಾಯ ಜಾಸ್ತಿ. ಚಪ್ಪಟೆಯಾಗಿ ಅಂಟಿಕೊಂಡಿರುವ ಸೆಸೈಲ್ ಸೆರೇಟೆಡ್ ಪಾಲಿಪ್ ಕೂಡ ಇದೇ ಸಾಲಿನದು. ಅದು ಕ್ಯಾಮೆರಾಗೂ ಸುಲಭಕ್ಕೆ ಕಾಣಲ್ಲ.

ನಮ್ಮ ಕಡೆ ಮಲದಲ್ಲಿ ರಕ್ತ ಕಂಡರೆ ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಜಾಸ್ತಿ ಆಯ್ತು, ಮೂಲವ್ಯಾಧಿ ಅಂತ ಸುಮ್ನೆ ಕೂರುವವರೇ ಹೆಚ್ಚು ಅಲ್ವಾ? ನೀವು ತೋರಿಸಿದ್ದು ಒಳ್ಳೆಯದಾಯಿತು. ಗಂಟು ಪೂರ್ತಿ ಬಂದಿದೆಯಾ, ಮುಂದಿನ ಕೊಲೊನೋಸ್ಕೋಪಿ ಯಾವಾಗ ಅಂತ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.