ಡಿಎಸ್‌ಎಲ್ ಲೈನಿಗೆ ರಾತ್ರಿ ರೇಡಿಯೋ ನುಗ್ಗಿದರೆ ನಾಚ್ ಫಿಲ್ಟರ್ ಸಾಕಾ?

ಹಗಲು ಚೆನ್ನಾಗಿರುವ ಎಡಿಎಸ್‌ಎಲ್ (ಟೆಲಿಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್) ಲೈನು ಕತ್ತಲಾದ ಮೇಲೆ ಪದೇ ಪದೇ ಕಟ್ ಆಗುತ್ತದೆ, ಎಸ್‌ಎನ್‌ಆರ್ ಮಾರ್ಜಿನ್ (ಸಿಗ್ನಲ್ ನಾಯ್ಸ್‌ಗಿಂತ ಅಗತ್ಯಕ್ಕಿಂತ ಎಷ್ಟು ಹೆಚ್ಚು ಮೇಲಿದೆ ಎಂಬ ಅಳತೆ) ಇಳಿಯುತ್ತದೆ, ಮೀಡಿಯಂ ವೇವ್ ರೇಡಿಯೋ ಕಾರಣ ಇರಬೇಕು, ರಿಸೀವರಿನಲ್ಲೇ ನಾಚ್ ಫಿಲ್ಟರ್ (ಒಂದು ಫ್ರೀಕ್ವೆನ್ಸಿಯನ್ನಷ್ಟೇ ಕತ್ತರಿಸುವ ಫಿಲ್ಟರ್) ಹಾಕಿದರೆ ಸಾಲದಾ ಅಂತ ಕೇಳಿದ್ದೀರಿ. ಅನುಮಾನ ಸರಿ, ಮದ್ದು ಸರಿಯಿಲ್ಲ. ಇಂಥ ರಿಸೀವರುಗಳ ಸಿಗ್ನಲ್ ಪ್ರೊಸೆಸಿಂಗ್ ಮೇಲೆ ಕೆಲಸ ಮಾಡಿದವನಾಗಿ ಹೇಳುತ್ತೇನೆ.

ಎಡಿಎಸ್‌ಎಲ್ 1104 ಕಿಲೋಹರ್ಟ್ಸ್‌ವರೆಗಿನ ಜಾಗವನ್ನು 4.3125 ಕಿಲೋಹರ್ಟ್ಸ್ ಅಂತರದ 256 ಟೋನ್‌ಗಳಾಗಿ, ಅಂದರೆ ಪುಟ್ಟ ಪುಟ್ಟ ಚಾನೆಲ್‌ಗಳಾಗಿ, ಹಂಚಿಕೊಳ್ಳುತ್ತದೆ. ಮೀಡಿಯಂ ವೇವ್ ಸ್ಟೇಷನ್‌ಗಳು 500ರ ಆಚೆಯಿಂದ ಶುರುವಾಗುತ್ತವೆ, ಹಾಗಾಗಿ ಢಿಕ್ಕಿ ಗ್ಯಾರಂಟಿ. ಹಗಲಲ್ಲಿ ಅಯಾನುಗೋಳದ ಡಿ ಪದರ ಆ ಅಲೆಗಳನ್ನು ಹೀರಿಕೊಳ್ಳುತ್ತದೆ. ರಾತ್ರಿ ಆ ತಡೆ ಇರುವುದಿಲ್ಲ, ದೂರದ ಸ್ಟೇಷನ್ನೂ ಬಂದು ಬೀಳುತ್ತದೆ.

ಈಗ 1050 ಕಿಲೋಹರ್ಟ್ಸ್‌ನ ಒಂದು ಸ್ಟೇಷನ್ ತೆಗೆದುಕೊಳ್ಳಿ. 4.3125ರಿಂದ ಭಾಗಿಸಿದರೆ ಸುಮಾರು 243.5. ಅಂದರೆ 243 ಮತ್ತು 244ನೇ ಟೋನ್‌ಗಳ ನಟ್ಟನಡುವೆ. ಎರಡು ಮೂರು ಟೋನ್ ಹಾಳಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಮೋಡೆಮ್ ಅಲ್ಲಿ ಬಿಟ್ ಹಾಕದೆ ಸುಮ್ಮನಾಗುತ್ತದೆ. ಆದರೆ ಟೋನ್‌ಗಳನ್ನು ಬೇರ್ಪಡಿಸುವ ಲೆಕ್ಕಾಚಾರವಾದ ಎಫ್‌ಎಫ್‌ಟಿ ಸಿಗ್ನಲನ್ನು ತುಂಡು ತುಂಡಾಗಿ ಕತ್ತರಿಸಿ ನೋಡುತ್ತದೆ. ಆ ಚೂಪು ಅಂಚುಗಳಿಂದಾಗಿ ರೇಡಿಯೋ ಶಕ್ತಿ ಅಕ್ಕಪಕ್ಕಕ್ಕೆ ಸೋರುತ್ತದೆ. ಹತ್ತು ಟೋನ್ ಆಚೆಗೂ ಅದು ಇಳಿದಿರುವುದು ಬರೀ 30 ಡೆಸಿಬಲ್. ರೇಡಿಯೋ ನಿಮ್ಮ ನಾಯ್ಸ್‌ಗಿಂತ 40 ಡೆಸಿಬಲ್ ಮೇಲಿದ್ದರೆ ಅಲ್ಲೂ 10 ಡೆಸಿಬಲ್ ನಷ್ಟ, ಅಂದರೆ ಟೋನಿಗೆ ಸುಮಾರು ಮೂರು ಬಿಟ್ ಹೋಯಿತು.

ಚೂಪಾದ ನಾಚ್ ಹಾಕಿದರೆ ಲೈನಿನ ಇಂಪಲ್ಸ್ ರೆಸ್ಪಾನ್ಸ್ (ಒಂದು ಚುಟುಕು ಸಿಗ್ನಲ್ ಬಂದ ಮೇಲೆ ಉಳಿಯುವ ಬಾಲ) ಉದ್ದವಾಗುತ್ತದೆ. ಅದು 32 ಸ್ಯಾಂಪಲ್‌ನ ಸೈಕ್ಲಿಕ್ ಪ್ರಿಫಿಕ್ಸ್ (ಪ್ರತಿ ತುಂಡಿನ ಮುಂದೆ ಕಾವಲಿಗೆ ಹಾಕುವ ಅದರದೇ ಕೊನೆಯ ಭಾಗದ ನಕಲು) ದಾಟಿದರೆ ಸಿಂಬಲ್‌ಗಳು, ಅಂದರೆ ಆ ತುಂಡುಗಳು, ಒಂದರೊಳಗೊಂದು ಬೆರೆಯುತ್ತವೆ. ಇದಕ್ಕಿಂತ ವಿಂಡೋಯಿಂಗ್ ವಾಸಿ: ಪ್ರಿಫಿಕ್ಸ್‌ನಲ್ಲಿ ಮಿಕ್ಕ ಸ್ಯಾಂಪಲ್ ಬಳಸಿ ಅಂಚುಗಳನ್ನು ನಯ ಮಾಡುವುದು. ಸೋರಿಕೆ ಬಹಳ ತಗ್ಗುತ್ತದೆ.

ನನಗೆ ತುಂಬಾ ಇಷ್ಟವಾದ ದಾರಿ ಕಾಮನ್ ಮೋಡ್, ಅಂದರೆ ಎರಡೂ ತಂತಿಗಳಲ್ಲಿ ಸಮನಾಗಿರುವ ಸಿಗ್ನಲ್ಲನ್ನು ಬಳಸುವುದು. ರೇಡಿಯೋ ಎರಡೂ ತಂತಿಗಳ ಮೇಲೆ ಹೆಚ್ಚುಕಡಿಮೆ ಒಂದೇ ಥರ ಬೀಳುತ್ತದೆ. ನಮ್ಮ ಡೇಟಾ ಇರುವುದು ಅವುಗಳ ವ್ಯತ್ಯಾಸದಲ್ಲಿ. ತಂತಿ ಜೋಡಿ ಪೂರ್ತಿ ಸಮ ಇರುವುದಿಲ್ಲ, ಅದಕ್ಕೇ ರೇಡಿಯೋ ಒಳಗೆ ಬರುತ್ತದೆ. ಹಾಗಾದರೆ ಟ್ರಾನ್ಸ್‌ಫಾರ್ಮರ್‌ನ ಸೆಂಟರ್ ಟ್ಯಾಪಿನಿಂದ ಆ ಕಾಮನ್ ಮೋಡನ್ನೇ ಇನ್ನೊಂದು ಎಡಿಸಿಯಲ್ಲಿ (ಸಿಗ್ನಲನ್ನು ಅಂಕಿಗಳಾಗಿಸುವ ಚಿಪ್) ಅಳೆದು, ಪ್ರತಿ ಟೋನಿಗೂ ಒಂದು ಗುಣಕ ಕಲಿತು, ಕಳೆದುಬಿಟ್ಟರಾಯಿತು. ಕಲಿಯುವುದಕ್ಕೆ ಎಲ್‌ಎಂಎಸ್ ಎಂಬ, ಎರರ್ ನೋಡಿ ಸ್ವಲ್ಪ ಸ್ವಲ್ಪವೇ ತಿದ್ದಿಕೊಳ್ಳುವ ವಿಧಾನ ಸಾಕು. ಒಂದೇ ಎಚ್ಚರ: ಡೇಟಾ ಕೂಡ ಸ್ವಲ್ಪ ಕಾಮನ್ ಮೋಡಿಗೆ ಸೋರಿರುತ್ತದೆ. ಕಚ್ಚಾ ಸಿಗ್ನಲ್ ನೋಡಿ ಕಲಿಸಿದರೆ ಕ್ಯಾನ್ಸಲರ್ ನಿಮ್ಮ ಡೇಟಾವನ್ನೇ ಅಳಿಸಲು ಹೊರಡುತ್ತದೆ! ಬಿಟ್ ನಿರ್ಧರಿಸಿದ ಮೇಲೆ ಉಳಿಯುವ ಎರರ್ ನೋಡಿ ಕಲಿಸಬೇಕು. ಒಂದೇ ಟೋನಿನಲ್ಲಿ ಬೇರೆ ಬೇರೆ ದಿಕ್ಕಿನ ಎರಡು ಜೋರು ಸ್ಟೇಷನ್ ಇದ್ದರೆ ಒಂದು ಸೆನ್ಸರ್ ಎರಡನ್ನೂ ತೆಗೆಯಲಾರದು.

ಎರಡನೇ ಎಡಿಸಿ ಇಲ್ಲದ ಮೋಡೆಮ್‌ಗೆ ಎಷ್ಟು ಸಾಫ್ಟ್‌ವೇರ್ ಅಪ್‌ಡೇಟ್ ಬಂದರೂ ಈ ಉಪಾಯ ಬರುವುದಿಲ್ಲ. ಪಕ್ಕದ ಜೋಡಿಗಳಿಂದ ಸೋರಿ ಬರುವ ಸಿಗ್ನಲ್‌ಗೆ (ಕ್ರಾಸ್‌ಟಾಕ್) ಇನ್ನೂ ವೇಗದ ವಿಡಿಎಸ್‌ಎಲ್2ರಲ್ಲಿ ವೆಕ್ಟರಿಂಗ್ ಎಂಬ ಉಪಾಯ ಇದೆ. ಸ್ವಿಚ್, ಮೋಟಾರ್‌ಗಳ ಚಟಪಟಕ್ಕೆ ರೀಟ್ರಾನ್ಸ್‌ಮಿಷನ್ (ಕೆಟ್ಟ ಡೇಟಾವನ್ನು ಮತ್ತೆ ಕಳಿಸುವುದು) ಇದೆ. ಅವು ಬೇರೆಯೇ ಕಥೆ.

ಮೊದಲು ಹಗಲು ಒಮ್ಮೆ, ರಾತ್ರಿ ಒಮ್ಮೆ ಪ್ರತಿ ಟೋನಿನ ಎಸ್‌ಎನ್‌ಆರ್ ಗ್ರಾಫ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ರಾತ್ರಿ ಮಾತ್ರ ಕಾಣುವ ತಗ್ಗಿನ ಟೋನ್ ನಂಬರನ್ನು 4.3125ರಿಂದ ಗುಣಿಸಿ. ಆ ಫ್ರೀಕ್ವೆನ್ಸಿಯಲ್ಲಿ ಸ್ಟೇಷನ್ ಇದ್ದರೆ ಕಳ್ಳ ಸಿಕ್ಕಿದ ಹಾಗೆ.