'ಮನೆ ಸೇರುವಷ್ಟರಲ್ಲಿ ರಾತ್ರಿ ಎಂಟು ದಾಟುತ್ತದೆ, ಆಮೇಲೂ ಕೆಲಸದ ಕರೆಗಳು. ವಿಶ್ರಾಂತಿಗೆ ಹೊಸದಾಗಿ ಸಮಯ ಹುಡುಕಬೇಕು. ಒತ್ತಡ ಕಳೆಯಲು ಬೆಳಿಗ್ಗೆ ಐದಕ್ಕೆ ಎದ್ದು ಧ್ಯಾನ ಮಾಡಲೇ, ಜಿಮ್ ಸೇರಲೇ, ವಾರಾಂತ್ಯಕ್ಕೆ ಎಲ್ಲಾದರೂ ಹೋಗಿಬರಲೇ?' ಎಂದು ಕೇಳಿ ಬರೆದಿದ್ದೀರಿ.

ಮೂರೂ ಬೇಡ. ಮೂರನ್ನೂ ಮಾಡಿ ಸುಸ್ತಾದವಳು ಹೇಳುತ್ತಿದ್ದೇನೆ.

ನಾನು ಬೆಂಗಳೂರಿನ ಚಿಕ್ಕಪೇಟೆಯ ಒಂದು ಆಡಿಟರ್ ಕಚೇರಿಯಲ್ಲಿ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಸೀರೆ ಅಂಗಡಿ, ಪಾತ್ರೆ ಅಂಗಡಿ, ಸ್ವಿಚ್ಚು ವೈರು ಮಾರುವವರು ನಮ್ಮ ಪಾರ್ಟಿಗಳು, ಅಂದರೆ ಗ್ರಾಹಕರು. ನಮಗೆ ತಿಂಗಳೆಂದರೆ ಎರಡು ತಾರೀಖು: ಮಾರಾಟದ ವಿವರ ಸಲ್ಲಿಸಲು 11, ತೆರಿಗೆ ಕಟ್ಟಿ 3ಬಿ ಎಂಬ ರಿಟರ್ನ್ ಸಲ್ಲಿಸಲು 20. ಅದರ ಮೇಲೆ ವರ್ಷಕ್ಕೊಮ್ಮೆ ಆದಾಯ ತೆರಿಗೆ, ಸೆಪ್ಟೆಂಬರ್‌ನಲ್ಲಿ ಟ್ಯಾಕ್ಸ್ ಆಡಿಟ್. ಆದರೆ ನನ್ನನ್ನು ಹಣ್ಣು ಮಾಡಿದ್ದು ಈ ತಾರೀಖುಗಳಲ್ಲ.

ಒಂದು ರಾತ್ರಿ ಮಗಳನ್ನು ಮಲಗಿಸಿ ಕುಳಿತಿದ್ದೆ. ಒಬ್ಬ ವ್ಯಾಪಾರಿ ವಾಟ್ಸಾಪ್‌ನಲ್ಲಿ ಬಿಲ್ಲಿನ ಫೋಟೊ ಕಳುಹಿಸಿ, 'ಮೇಡಂ, ಇದೊಂದು ಬಿಟ್ಟುಹೋಗಿತ್ತು, ನೋಡಿಬಿಡಿ' ಎಂದರು. ಈಗಲೇ ಮುಗಿಸಿದರೆ ನಾಳೆ ನಿರಾಳ ಎಂದುಕೊಂಡು 'ಆಯಿತು ಸರ್' ಎಂದು ಉತ್ತರ ಬರೆದೆ. ನನ್ನ ತಪ್ಪು ಅದು. ಬಿಲ್ಲು ನೋಡಿದ್ದಲ್ಲ, ಉತ್ತರ ಕೊಟ್ಟದ್ದು. ನೋಡಿ ಸುಮ್ಮನಿದ್ದಿದ್ದರೆ ಆ ಮನುಷ್ಯ ಮಲಗಿರುತ್ತಿದ್ದರು, ಬೆಳಿಗ್ಗೆ ಹತ್ತಕ್ಕೆ ನಾನು ಉತ್ತರಿಸಿದ್ದರೂ ಅವರಿಗೆ ನಯಾಪೈಸೆ ನಷ್ಟವಿರಲಿಲ್ಲ. ನಾನು ಉತ್ತರಿಸಿದ ಆ ಗಳಿಗೆಯಿಂದ, ಮೇಡಂ ರಾತ್ರಿ ಹನ್ನೊಂದಕ್ಕೂ ಸಿಗುತ್ತಾರೆ ಎಂಬುದು ಅವರಿಗೆ ಗೊತ್ತಾಯಿತು. ಪೇಟೆಯಲ್ಲಿ ಒಬ್ಬರಿಗೆ ಗೊತ್ತಾದದ್ದು ಇಡೀ ಸಾಲಿಗೆ ಗೊತ್ತಾಗುತ್ತದೆ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ, ಆಡಿಟರ್ ಸಾಹೇಬರು ಕೇಳಲೂ ಇಲ್ಲ. ಬಾಗಿಲು ತೆರೆದವಳು ನಾನೇ. ಒಮ್ಮೆ ತೆರೆದ ಮೇಲೆ ಸಂದೇಶ ಬಾರದ ರಾತ್ರಿಯೂ ಮೊಬೈಲ್ ಮಗುಚಿ ಮಗುಚಿ ನೋಡುವ ಚಟ ಹತ್ತಿತು. ಅನ್ನ ಕಲಸುವಾಗಲೂ ಎಡಗೈಯಲ್ಲಿ ಅದೇ.

ಇದರ ಬೆಲೆ ತೆತ್ತದ್ದು ಒಂದು 19ರ ರಾತ್ರಿ. ಒಂದೇ ಖರೀದಿ ಬಿಲ್ಲು ಮಧ್ಯಾಹ್ನ ಒಮ್ಮೆ ಬಂದಿತ್ತು, ರಾತ್ರಿ ಮತ್ತೆ ಬಂತು, ಬೇರೆ ಕೋನದಿಂದ ತೆಗೆದ ಫೋಟೊ. ತೂಕಡಿಸುತ್ತಾ ಎರಡನ್ನೂ ನಮೂದಿಸಿದೆ. ಪೋರ್ಟಲ್‌ನಲ್ಲಿ 2ಬಿ ಎಂಬ ಪಟ್ಟಿ ಬರುತ್ತದೆ. ಮಾರಿದವರು ತೋರಿಸಿದ್ದಷ್ಟೇ ಅದರಲ್ಲಿರುತ್ತದೆ. ಅದಕ್ಕೆ ತಾಳೆ ನೋಡಿದ್ದರೆ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು. ನೋಡಲಿಲ್ಲ, ಅಂಕಿ ಬದಲಿಸಿ ಸಲ್ಲಿಸಿಬಿಟ್ಟೆ. 3ಬಿ ಒಮ್ಮೆ ಸಲ್ಲಿಸಿದರೆ ತಿದ್ದುವಂತಿಲ್ಲ, ಮುಂದಿನ ತಿಂಗಳುಗಳಲ್ಲಿ ಸರಿಪಡಿಸಬೇಕು. ಖರೀದಿಯಲ್ಲಿ ಆಗಲೇ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದೇ ಕ್ರೆಡಿಟ್. ಅದನ್ನು ಹೆಚ್ಚಾಗಿ ಪಡೆದು ಬಳಸಿಕೊಂಡರೆ ವರ್ಷಕ್ಕೆ ಶೇ 18ರ ಬಡ್ಡಿ. ಆ ವ್ಯಾಪಾರಿ ಫೈಲುಗಳನ್ನೆಲ್ಲ ಹೊತ್ತುಕೊಂಡು ಬೇರೆ ಕಡೆ ಹೋದರು. ಯಾರ ಸಲುವಾಗಿ ನಿದ್ದೆಗೆಟ್ಟೆನೋ ಅವರೇ!

ಆಮೇಲೆ ನಿಮ್ಮ ಹಾಗೆಯೇ ಪರಿಹಾರ ಹುಡುಕಲು ಹೊರಟೆ. ಹನ್ನೆರಡಕ್ಕೆ ಮಲಗಿ ಐದಕ್ಕೆ ಎದ್ದು ಕಣ್ಣು ಮುಚ್ಚಿ ಕುಳಿತರೆ ಬರುವುದು ಧ್ಯಾನವಲ್ಲ, ನಿದ್ದೆ. ದೊಡ್ಡವರಿಗೂ ಏಳು ಗಂಟೆಯ ನಿದ್ದೆ ಬೇಕು. ಅದರಲ್ಲಿ ಕದ್ದು ವಿಶ್ರಾಂತಿ ಕೊಳ್ಳುವುದು ಎಂಥ ಲೆಕ್ಕ? ಜಿಮ್ಮಿನವರು ವರ್ಷದ ಹಣ ಕಟ್ಟಿಸಿಕೊಂಡರು, ಅಷ್ಟೇ. ನಂದಿಬೆಟ್ಟಕ್ಕೆ ಭಾನುವಾರ ನಸುಕಿನಲ್ಲಿ ಹೋದರೆ ಬುಡದಲ್ಲೇ ಕಾರುಗಳ ಸಾಲು, ಸಿಲ್ಕ್ ಬೋರ್ಡ್‌ನಲ್ಲಿ ನಿಂತ ಹಾಗೆಯೇ. ಸೂರ್ಯೋದಯ ನೋಡಿದ್ದು ಮುಂದಿನ ಕಾರಿನ ಹಿಂಬದಿಯ ಗಾಜಿನಲ್ಲಿ.

ವಿಶ್ರಾಂತಿಗೆ ಹೊಸದಾಗಿ ಸಮಯ ಹುಡುಕಬೇಕು ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಸಂಜೆಯ ಕೆಲಸ ಎಲ್ಲಿ ಮುಗಿಯುತ್ತದೆ ಎಂಬುದೊಂದನ್ನು ಗೊತ್ತು ಮಾಡಿಕೊಳ್ಳಿ. ನಾನು ಎಲ್ಲ ಪಾರ್ಟಿಗಳಿಗೂ ಒಂದೇ ಸಂದೇಶ ಕಳುಹಿಸಿದೆ: ಏಳರ ನಂತರ ಬಂದ ಬಿಲ್ಲು ಮರುದಿನ ಹತ್ತಕ್ಕೆ ನೋಡಲಾಗುವುದು, 18ರಿಂದ 20ರವರೆಗೆ ಮಾತ್ರ ರಾತ್ರಿ ಒಂಬತ್ತರ ತನಕ. ಸಾಹೇಬರು ಗೊಣಗಿದರು. ಕೆಲಸ ತಡವಾಗದಿದ್ದುದನ್ನು ನೋಡಿ ಸುಮ್ಮನಾದರು. ಒಂದಿಬ್ಬರು ವ್ಯಾಪಾರಿಗಳು ಈಗಲೂ ಚುಚ್ಚುತ್ತಾರೆ, ಚುಚ್ಚಲಿ.

ಈಗ ಸಂಜೆ ಮನೆಗೆ ಹೊರಟಾಗ, ಮೆಟ್ರೊ ಕೆ.ಆರ್. ಮಾರ್ಕೆಟ್ ದಾಟಿ ನೆಲದಡಿಯಿಂದ ಮೇಲಕ್ಕೆ ಬಂದು ನ್ಯಾಷನಲ್ ಕಾಲೇಜ್ ನಿಲ್ದಾಣ ಕಾಣುವ ಹೊತ್ತಿಗೆ ಮೊಬೈಲ್ ಬ್ಯಾಗಿನ ತಳಕ್ಕೆ, ಟಿಫಿನ್ ಡಬ್ಬಿಯ ಕೆಳಗೆ ಹೋಗುತ್ತದೆ. ಅಲ್ಲಿಂದ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತಾ ನಿಂತಿರುತ್ತೇನೆ. ದೀರ್ಘವಾಗಿ ಉಸಿರು ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಇದಕ್ಕೆ ಚಾಪೆಯೂ ಬೇಡ, ಆ್ಯಪೂ ಬೇಡ. 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ, ಅದಕ್ಕೆ ಬದಲಾಯಿಸುವ ಆರ್.ವಿ. ರಸ್ತೆ ನಿಲ್ದಾಣದಲ್ಲಿ ನೂಕುನುಗ್ಗಲು. ಹಾಗಾಗಿ ಜಯನಗರದಲ್ಲೇ ಇಳಿದು ಬನಶಂಕರಿಯವರೆಗೆ ನಡೆಯುತ್ತೇನೆ. ದಾರಿಯಲ್ಲಿ ಸೊಪ್ಪು ಕೊಳ್ಳುವುದೂ ಆಗುತ್ತದೆ. ಸಂಜೆ ಆರರ ಕಾಫಿ ಬಿಟ್ಟದ್ದು ಮಾತ್ರ ಕಷ್ಟವಾಯಿತು. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕಂತೆ, ನಿದ್ದೆ ಬಾರದ್ದಕ್ಕೆ ಪಾರ್ಟಿಗಳನ್ನಷ್ಟೇ ಬೈಯುತ್ತಿದ್ದೆ.

ಊಟ ಸೇರದಿದ್ದರೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ನನ್ನ ಮೆಟ್ರೊ ಕತೆ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ನಿಮ್ಮದು ಯಾವ ಕೆಲಸ, ರಾತ್ರಿ ಕರೆ ಮಾಡುವವರು ಮೇಲಧಿಕಾರಿಯೋ ಗ್ರಾಹಕರೋ ಎಂಬುದನ್ನು ನೀವು ಬರೆದಿಲ್ಲ. ಗ್ರಾಹಕರಾದರೆ ನಾಳೆಯೇ ಸಂದೇಶ ಕಳುಹಿಸಿ. ಮೇಲಧಿಕಾರಿಯಾದರೆ ಸಂದೇಶ ಬೇಡ, ಎದುರು ಕುಳಿತು, ತುರ್ತು ಯಾವುದು, ಬೆಳಿಗ್ಗೆಯವರೆಗೆ ಕಾಯಬಹುದಾದದ್ದು ಯಾವುದು ಎಂದು ಅವರ ಬಾಯಿಂದಲೇ ಹೇಳಿಸಿ.